ಅರ್ಧ ಬಲ ನಾಳೆಗಿರಲಿ

ಜಿಮ್‌ಗೆ ಹೊಸದಾಗಿ ಸೇರಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯಿದು: ನಿನ್ನೆ ಭಾರ ಎತ್ತಿದ್ದೇನೆ, ಇವತ್ತೂ ಎತ್ತಬಹುದೆ? ಕೇಳುವ ಹೊತ್ತಿಗೆ ತೊಡೆಗಳು ಹಿಡಿದುಕೊಂಡಿರುತ್ತವೆ, ಮೆಟ್ಟಿಲು ಇಳಿಯುವುದೂ ಕಷ್ಟ. ಆದರೂ ಮನಸ್ಸು ನಿಲ್ಲದು. ಒಂದು ದಿನ ಬಿಟ್ಟರೆ ಗಳಿಸಿದ್ದೆಲ್ಲ ಕರಗಿಹೋದೀತು ಎಂಬ ದಿಗಿಲು. ಪ್ರಶ್ನೆಗೆ ಶರೀರಶಾಸ್ತ್ರದಲ್ಲಿ ಉತ್ತರವಿದೆ. ದಿಗಿಲಿಗೆ ಮಾತ್ರ ನಾವೇ ಉತ್ತರ ಕಂಡುಕೊಳ್ಳಬೇಕು.

ಭಾರ ಎತ್ತುತ್ತಿರುವಾಗ ಸ್ನಾಯು ದಣಿಯುತ್ತದೆ. ಅದರ ನವಿರಾದ ಎಳೆಗಳಿಗೆ ಅಲ್ಲಲ್ಲಿ ಪೆಟ್ಟೂ ಬೀಳುತ್ತದೆ. ಬಲ ಕೂಡಿಬರುವುದು ಆಮೇಲೆ, ನಾವು ಉಂಡು ಮಲಗಿದ ಮೇಲೆ. ದೇಹ ಹೊಸ ಪ್ರೋಟೀನು ಕಟ್ಟುತ್ತ ಆ ಎಳೆಗಳನ್ನು ಸರಿಪಡಿಸುತ್ತದೆ, ಮೊದಲಿಗಿಂತ ಗಟ್ಟಿಮಾಡುತ್ತದೆ. ಒಂದು ಗಟ್ಟಿ ಕಸರತ್ತಿನ ನಂತರ ಈ ಕೆಲಸ 24ರಿಂದ 48 ಗಂಟೆಗಳವರೆಗೂ ಚುರುಕಾಗಿ ನಡೆಯುತ್ತದೆ. ಅದಕ್ಕಾಗಿಯೇ ಒಂದೇ ಸ್ನಾಯುವನ್ನು ಮತ್ತೆ ದುಡಿಸುವ ಮುನ್ನ ಎರಡು ದಿನ ಬಿಡಿ ಎಂದು ತರಬೇತುದಾರರು ಹೇಳುವುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದೂ ವಾರಕ್ಕೆ ಕನಿಷ್ಠ ಎರಡು ದಿನ ಬಲವರ್ಧನೆಯ ವ್ಯಾಯಾಮ ಮಾಡಿ ಎಂದು; ದಿನವೂ ಮಾಡಲೇಬೇಕೆಂದು ಹೇಳಲಿಲ್ಲ.

ಹಾಗೆಂದು ಎರಡು ದಿನ ಒಟ್ಟೊಟ್ಟಿಗೆ ಮಾಡಿದರೆ ಮಹಾಪರಾಧವೇನೂ ಆಗುವುದಿಲ್ಲ. ಇವತ್ತು ತೋಳು, ಎದೆ; ನಾಳೆ ಕಾಲು ಎಂದು ಹಂಚಿಕೊಂಡವರು ದಿನ ಬಿಡದೆ ಮಾಡುತ್ತಾರೆ. ನಮ್ಮ ಗರಡಿಗಳಲ್ಲಿ ದಂಡ, ಬಸ್ಕಿ ನಿತ್ಯದ ಸಾಮು. ವಾರದ ಒಟ್ಟು ಕಸರತ್ತು ಸಮನಾಗಿದ್ದರೆ ಮೂರು ದಿನ ಸತತವಾಗಿ ಮಾಡಿದವರಿಗೂ ಬಿಟ್ಟು ಬಿಟ್ಟು ಮಾಡಿದವರಿಗೂ ಬಲ ಹೆಚ್ಚುಕಡಿಮೆ ಒಂದೇ ರೀತಿ ಹೆಚ್ಚಿದ್ದನ್ನು ತೋರಿಸಿದ ಪ್ರಯೋಗಗಳೂ ಇವೆ. ಅಂದಮೇಲೆ ಕ್ಯಾಲೆಂಡರ್ ನೋಡಿದರೆ ಸಾಲದು; ನಿನ್ನೆ ಎಷ್ಟು ಖರ್ಚು ಮಾಡಿದೆವು, ಎಷ್ಟು ಉಳಿಸಿಕೊಂಡೆವು ಎಂಬುದನ್ನೂ ನೋಡಬೇಕು.

ಸುಶ್ರುತ ಸಂಹಿತೆ ಇದನ್ನು ಎಷ್ಟು ಚೆನ್ನಾಗಿ ಅರಿತಿತ್ತು! ತನ್ನ ಹಿತ ಬಯಸುವವನು ಎಲ್ಲ ಋತುಗಳಲ್ಲೂ ದಿನವೂ ವ್ಯಾಯಾಮ ಮಾಡಲಿ, ಆದರೆ ತನ್ನ ಬಲದ ಅರ್ಧದಷ್ಟು ಮಾತ್ರ ಎಂದು ಅದು ವಿಧಿಸುತ್ತದೆ. ಉಸಿರು ಬಾಯಿಗೆ ಬಂತೆಂದರೆ ಅರ್ಧ ಮುಗಿಯಿತು, ನಿಲ್ಲಿಸಬೇಕು. ಅತಿ ವ್ಯಾಯಾಮ ಮಾಡುವವನು ಆನೆಯನ್ನು ಎಳೆಯಲು ಹೋದ ಸಿಂಹದಂತೆ ನಾಶವಾಗುತ್ತಾನೆ ಎಂದು ಅಷ್ಟಾಂಗಹೃದಯದಲ್ಲಿ ವಾಗ್ಭಟ ಎಚ್ಚರಿಸುತ್ತಾನೆ. ಸಿಂಹ ದುರ್ಬಲ ಪ್ರಾಣಿಯೇನಲ್ಲ. ಬಲವಿದ್ದವನಿಗೇ ಅಳತೆ ತಪ್ಪುವ ಅಪಾಯ ಹೆಚ್ಚು. ಅಭ್ಯಾಸವಿಲ್ಲದ ಮೈಯನ್ನು ಒಮ್ಮೆಲೇ ಮಿತಿಮೀರಿ ದುಡಿಸಿದಾಗ ಸ್ನಾಯು ಒಡೆದು, ಅದರ ಅಂಶ ರಕ್ತಕ್ಕೆ ಸೇರಿ, ಮೂತ್ರ ಕಪ್ಪಾಗಿ ಮೂತ್ರಪಿಂಡಕ್ಕೇ ಕುತ್ತು ಬರುವುದುಂಟು. ಇದು ಅಪರೂಪ, ಆದರೆ ಕಂಡರೆ ಆಸ್ಪತ್ರೆಗೆ ಓಡಲೇಬೇಕು.

ಹಾಗಾದರೆ ಅರ್ಧದಲ್ಲಿ ನಿಲ್ಲಿಸುವುದು ನಮಗೇಕೆ ಇಷ್ಟು ಕಷ್ಟ? ನಮ್ಮ ಕಣ್ಣಿಗೆ ಕಾಣುವ ದುಡಿಮೆಯನ್ನಷ್ಟೇ ನಾವು ನಂಬುತ್ತೇವೆ. ಬೆವರು ಕಾಣುತ್ತದೆ, ಎತ್ತಿದ ಕಿಲೋ ಲೆಕ್ಕಕ್ಕೆ ಸಿಗುತ್ತದೆ. ನಿದ್ದೆಯಲ್ಲಿ ನಡೆಯುವ ಕಟ್ಟೋಣಕ್ಕೆ ನಮ್ಮ ಕೈ ಬೇಕಿಲ್ಲ. ಅದರ ಯಶಸ್ಸು ನಮ್ಮ ಹೆಸರಿಗೆ ಜಮೆಯಾಗುವುದಿಲ್ಲ. ಬಿಡುವು ತೆಗೆದುಕೊಳ್ಳುವುದೆಂದರೆ ನಾನಿಲ್ಲದೆಯೂ ನನ್ನ ಒಳಿತು ನಡೆಯುತ್ತಿದೆ ಎಂದು ಒಪ್ಪಿಕೊಳ್ಳುವುದು. ಇಷ್ಟು ವಿನಯ ಬರುವುದು ನೂರು ಕಿಲೋ ಎತ್ತುವುದಕ್ಕಿಂತ ಕಠಿಣ.

ಇಲ್ಲಿ ಇನ್ನೊಬ್ಬನನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಎಪಿಎಂಸಿ ಯಾರ್ಡಿನಲ್ಲಿ ಚೀಲ ಹೊರುವ ಹಮಾಲಿ, ಕಟ್ಟಡದ ಮೇಲಂತಸ್ತಿಗೆ 50 ಕಿಲೋ ಸಿಮೆಂಟು ಮೂಟೆ ಸಾಗಿಸುವ ಕೂಲಿಯವನು ದಿನವೂ ಭಾರ ಎತ್ತುತ್ತಾರೆ. ಇವತ್ತು ತೋಳು, ನಾಳೆ ಕಾಲು ಎಂಬ ಹಂಚಿಕೆ ಅವರಿಗಿಲ್ಲ. ಸೊಂಟ ಹಿಡಿದ ದಿನವೂ ಹೋಗಲೇಬೇಕು, ಹೋಗದಿದ್ದರೆ ಅಂದಿನ ಕೂಲಿಯಿಲ್ಲ. 1948ರ ಕಾರ್ಖಾನೆ ಕಾಯಿದೆ ಕಾರ್ಮಿಕರಿಗೆ ವಾರದ ರಜೆಯನ್ನು ವಿಧಿಸಿತು. ಆದರೆ ಕಾರ್ಖಾನೆಯ ಗೇಟಿನ ಹೊರಗೆ ದಿನಗೂಲಿಗೆ ಬೆನ್ನು ಬಾಗಿಸುವವನಿಗೆ ರಜೆಯೆಂದರೆ ಉಪವಾಸವೇ. ಅವನ ಸ್ನಾಯುವಿಗೂ ಬೇಕಾದದ್ದು ಅದೇ ಎರಡು ದಿನ, ಅದೇ ಊಟ, ಅದೇ ನಿದ್ದೆ. ದೇಹದ ನಿಯಮದಲ್ಲಿ ಬಡವ ಬಲ್ಲಿದ ಎಂಬ ಭೇದವಿಲ್ಲ. ಭೇದ ಇರುವುದು ನಾವು ಮಾಡಿಕೊಂಡ ಏರ್ಪಾಡಿನಲ್ಲಿ.

ಆದ್ದರಿಂದ ಇವತ್ತು ಎತ್ತಲೋ ಬೇಡವೋ ಎಂದು ಯೋಚಿಸುವ ಸ್ವಾತಂತ್ರ್ಯವೇ ದೊಡ್ಡ ಭಾಗ್ಯ. ಆ ಭಾಗ್ಯ ಇದ್ದವರು ಅದನ್ನು ಹಠಕ್ಕೆ ಬಲಿಕೊಡಬಾರದು. ಮೈ ಹಗುರವಾಗಿದ್ದರೆ ಇವತ್ತೂ ಮಾಡಿ, ಅರ್ಧದಲ್ಲಿ ನಿಲ್ಲಿಸಿ. ನೋಯುತ್ತಿದ್ದರೆ ನಡೆದಾಡಿ ಬನ್ನಿ, ಹೊಟ್ಟೆತುಂಬ ಉಂಡು ಮಲಗಿ, ಪಶ್ಚಾತ್ತಾಪ ಬೇಡ. ಬಿಡುವಿನ ಬೆಲೆಯನ್ನು ಸ್ವಂತ ಮೈಯಿಂದ ತಿಳಿದವರ ಮೇಲೆ ಇನ್ನೊಂದು ಹೊಣೆಯೂ ಇದೆ. ಮನೆಗೆಲಸದಾಕೆ "ನಾಳೆ ಬರೋಕಾಗಲ್ಲ ಅಮ್ಮ, ಮೈಕೈ ನೋವು" ಎಂದಾಗ ಮುಖ ಗಂಟಿಕ್ಕದೆ "ಆಗಲಿ, ಮಲಗಮ್ಮ" ಎನ್ನಬೇಕು. ಆ ದಿನದ ಸಂಬಳವನ್ನೂ ಹಿಡಿಯಬಾರದು.