ದೋಣಿಯಲ್ಲಿ ಉಳಿದವನು

ಕರ್ತನು ಗಲಿಲಾಯ ಸಮುದ್ರದ ದಡದಲ್ಲಿ ಯಾಕೋಬ ಯೋಹಾನರನ್ನು ಕರೆದಾಗ ಅವರು ತಮ್ಮ ತಂದೆಯಾದ ಜೆಬೆದಾಯನನ್ನು ಕೂಲಿಯಾಳುಗಳ ಸಂಗಡ ದೋಣಿಯಲ್ಲಿ ಬಿಟ್ಟು ಹೋದರೆಂದು ಮಾರ್ಕನು ಮೊದಲನೆಯ ಅಧ್ಯಾಯದಲ್ಲಿ ತಿಳಿಸುತ್ತಾನೆ. ಹೋದ ಮಕ್ಕಳನ್ನು ಕುರಿತು ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇವೆ, ನಾವೂ ಮಾಡಿದ್ದೇವೆ. ಉಳಿದ ತಂದೆಯನ್ನು ಕುರಿತು ಒಂದನ್ನೂ ಕೇಳಿದ ನೆನಪಿಲ್ಲ. ಆತನು ಉಳಿದದ್ದು ಅವಿಧೇಯತೆಯೋ? ಇಲ್ಲವೆ ಉಳಿಯುವದೂ ಒಂದು ಕರೆಯೋ?

ಇದನ್ನು ವಿಚಾರಿಸುವದಕ್ಕೆ ಮುಂಚೆ ಆ ನೀರಿನ ದಡದ ಬದುಕನ್ನು ಸ್ವಲ್ಪ ತಿಳಿಯಬೇಕು. ಸಮುದ್ರವೆಂದು ಹೆಸರಾದರೂ ಅದು ಸಿಹಿನೀರಿನ ದೊಡ್ಡ ಕೆರೆಯೇ. ಉದ್ದ ಸುಮಾರು 21 ಕಿಲೋಮೀಟರ್, ಅಗಲ ಸುಮಾರು 12. ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ತಗ್ಗಿನಲ್ಲಿರುವದರಿಂದ ಅಲ್ಲಿಯ ಬೇಸಿಗೆ ಬಹು ಕಠಿನ. ನಮ್ಮಲ್ಲಿಯಂತೆ ಅಲ್ಲಿ ಬೇಸಿಗೆಯ ಬೆನ್ನಿಗೆ ಮಳೆಗಾಲ ಬರುವದಿಲ್ಲ. ಜೂನ್ ಮೊದಲ್ಗೊಂಡು ಸೆಪ್ಟೆಂಬರ್ ವರೆಗೆ ಮಳೆ ಇಲ್ಲವೆಂದೇ ಹೇಳಬಹುದು. ನೀರು ದಿನೇ ದಿನೇ ಇಳಿದು ದಡದ ಕರೀ ಕಲ್ಲುಗಳು ಹೊರಗೆ ಕಾಣುತ್ತವೆ. ಮಧ್ಯಾಹ್ನವಾದ ಮೇಲೆ ಪಡುವಣ ಗಾಳಿ ಬೀಸಿ ತೆರೆಗಳನ್ನು ಎಬ್ಬಿಸುತ್ತದೆ. ಬೇಸಿಗೆ ಹಿಂದಾಗಿ ಶರತ್ಕಾಲ ಬಂದಾಗ ಅಂಜೂರದ ಸುಗ್ಗಿ ಮುಗಿದು ಎಣ್ಣೇಮರದ ಕಾಯಿ ಕೊಯ್ಯುವ ದಿನಗಳು ಒದಗುತ್ತವೆ. ರೈತನು ಆಕಾಶವನ್ನು ನೋಡುತ್ತಾನೆ, ಯಾಕಂದರೆ ಮೊದಲನೆಯ ಮಳೆ ಬಿದ್ದು ಮಣ್ಣು ಮೆತ್ತಗಾದ ಹೊರತು ನೇಗಿಲು ಇಳಿಯದು. ನಾವು ಬೈಬಲಿನಲ್ಲಿ ಓದುವ ಮುಂಗಾರು ಜೂನ್ ತಿಂಗಳಿನದಲ್ಲ, ಈ ಶರತ್ಕಾಲದ ಮಳೆಯೇ. ಇದನ್ನು ಅರಿಯದೆ ನಾವೇ ಎಷ್ಟೋ ವರುಷ ತಪ್ಪಾಗಿ ಓದಿದೆವು!

ಋತು ಹೇಗೇ ತಿರುಗಿದರೂ ಬೆಸ್ತರ ಕೆಲಸಕ್ಕೆ ಬಿಡುವಿರಲಿಲ್ಲ. ರಾತ್ರಿಯೆಲ್ಲಾ ಮೀನು ಹಿಡಿದು, ಬೆಳಿಗ್ಗೆ ಬಲೆಯನ್ನು ತೊಳೆದು, ಒಣಗಿಸಿ, ಹರಿದದ್ದನ್ನು ಕಟ್ಟಬೇಕಾಗಿತ್ತು. ಅಗಸೆಯ ನಾರಿನ ಬಲೆ ತೇವದಲ್ಲೇ ಬಿದ್ದಿದ್ದರೆ ಕೊಳೆತುಹೋಗುವದು. 1986ರಲ್ಲಿ ಬರದಿಂದ ಆ ಕೆರೆಯ ನೀರು ಬಹಳ ಹಿಂದೆ ಸರಿದಾಗ, ಬೆಸ್ತರಾಗಿದ್ದ ಇಬ್ಬರು ಸಹೋದರರು ಕೆಸರಿನೊಳಗೆ ಒಂದು ಹಳೇ ದೋಣಿಯನ್ನು ಕಂಡರು. ಅದು ಸುಮಾರು ಎರಡು ಸಾವಿರ ವರುಷಗಳ ಹಿಂದಿನದೆಂದು ಪಂಡಿತರು ನಿರ್ಣಯಿಸಿದರು. ಉದ್ದ ಎಂಟು ಮೀಟರಿಗೆ ತುಸು ಹೆಚ್ಚು. ಕರ್ತನು ಏರಿದ ದೋಣಿ ಅದೇ ಎನ್ನುವದಕ್ಕೆ ಆಧಾರವೇನೂ ಇಲ್ಲ. ಆದರೆ ಅದರಲ್ಲಿ ಕಡಮೆ ಎಂದರೆ ಹತ್ತು ಬಗೆಯ ಮರಗಳಿವೆ! ಸಿಕ್ಕಿದ ತುಂಡನ್ನು ತಂದು, ತೂತಾದಲ್ಲಿ ತೇಪೆ ಹಾಕಿ, ಪುನಃ ಪುನಃ ನೀರಿಗಿಳಿಸಿದ ಬಡವರ ಕೈಗುರುತು ಅದು.

ಜೆಬೆದಾಯನ ಕೈಯೂ ಅಂಥದೇ ಆಗಿದ್ದಿರಬೇಕು. ಜನರ ನೂಕಾಟದ ನಿಮಿತ್ತ ತನಗಾಗಿ ಒಂದು ಚಿಕ್ಕ ದೋಣಿಯನ್ನು ಸಿದ್ಧವಾಗಿಡಬೇಕೆಂದು ಕರ್ತನು ಹೇಳಿದನಲ್ಲಾ. ಅದರಲ್ಲಿ ನೀರು ಹೊಗದಂತೆ ನೋಡಿಕೊಂಡವರು ಯಾರೆಂದು ಸುವಾರ್ತೆ ಹೇಳುವದಿಲ್ಲ. ಯಾರಾದರೂ ನೋಡಿಕೊಂಡೇ ಇರಬೇಕು. ಹಾಗೆಂದು ಉಳಿದವರೆಲ್ಲರೂ ನೀತಿವಂತರೆಂದು ನಾವು ಹೇಳುವದಿಲ್ಲ. ಐಶ್ವರ್ಯವನ್ನು ಬಿಡಲಾರದೆ ದುಃಖದಿಂದ ಹೊರಟುಹೋದ ಯೌವನಸ್ಥನೂ ಇದ್ದಾನೆ. ಅವನು ತನ್ನದನ್ನು ಹಿಡಿದುಕೊಂಡನು. ಜೆಬೆದಾಯನಾದರೋ ಉಳಿದನೇ ಹೊರತು ಯಾರನ್ನೂ ಹಿಡಿದುಕೊಳ್ಳಲಿಲ್ಲ. ಮಕ್ಕಳಿಬ್ಬರೂ ಹೋಗುವಾಗ ಆತನು ಅಡ್ಡಿಮಾಡಿದನೆಂದು ಎಲ್ಲಿಯೂ ಬರೆದಿಲ್ಲ. ಆತನ ಹೆಂಡತಿಯೂ ಕರ್ತನನ್ನು ಸೇವಿಸುತ್ತಾ ಗಲಿಲಾಯದಿಂದ ಹಿಂಬಾಲಿಸಿದವರಲ್ಲಿ ಒಬ್ಬಳಾಗಿದ್ದಳು. ಅಷ್ಟು ಜನರನ್ನು ಕಳುಹಿಸಿಕೊಟ್ಟ ಮೇಲೆ ಆ ಮನೆಯಲ್ಲಿ ಸಾಯಂಕಾಲ ಎಷ್ಟು ಮೌನವಿದ್ದಿತೋ!

ಇದನ್ನು ಬರೆಯುವದಕ್ಕೆ ಒಂದು ಕಾರಣವುಂಟು. ನಮ್ಮ ಸಭೆಯ ಒಬ್ಬ ವೃದ್ಧ ರೈತನ ಮಗನು ಉಪದೇಶಿಯಾಗುವದಕ್ಕೆ ಓದಲು ಹೋಗಿದ್ದಾನೆ. ಮಳೆ ಹಿಂದಾಗಿ ನಮ್ಮೂರ ಕೆರೆಯ ತೂಬು ತೆಗೆದ ದಿನಗಳಲ್ಲಿ ಆ ತಂದೆಯು ಬುಧವಾರದ ಪ್ರಾರ್ಥನಾಕೂಟಕ್ಕೆ ಮೂರು ವಾರ ಬಾರದಿರಲು, ಮಗನ ಭಕ್ತಿ ತಂದೆಗಿಲ್ಲವೆಂದು ನಾವು ಎಲ್ಲರ ಮುಂದೆ ಆಡಿಬಿಟ್ಟೆವು. ಆತನು ಸಿಟ್ಟಾಗಲಿಲ್ಲ. "ಐಗಳೇ, ಬುಧವಾರ ಸಾಯಂಕಾಲ ನೀರಿನ ಪಾಳಿ ನನ್ನದು. ನನ್ನ ಕೆಳಗೆ ವಿಧವೆಯರ ಎರಡು ಗದ್ದೆಗಳಿವೆ. ಮೊದಲು ಮಗನು ನೀರು ಕಟ್ಟುತ್ತಿದ್ದನು," ಎಂದಷ್ಟೇ ಹೇಳಿದನು.

ಎಲ್ಲರ ಮುಂದೆ ಆಡಿದ್ದನ್ನು ಎಲ್ಲರ ಮುಂದೆಯೇ ಹಿಂತೆಗೆದುಕೊಂಡೆವು. ಕೂಟವನ್ನೂ ಗುರುವಾರಕ್ಕೆ ಇಟ್ಟೆವು. ಮೊದಲನೆಯ ಗುರುವಾರ ಆತನು ತಡವಾಗಿ ಬಂದು ಬಾಗಲ ಬಳಿಯಲ್ಲೇ ಕುಳಿತನು. ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ.