ಇಂದಿನ ಚಿಂತನೆ: ನಾಣ್ಯಕ್ಕೆ ನೆನಪಿಲ್ಲ

ನಾಣ್ಯವನ್ನು ಮೂರು ಸಲ ಚಿಮ್ಮಿದರೆ ಮೂರೂ ಸಲ ಹೆಡ್ ಬೀಳುವ ಸಂಭವನೀಯತೆ 1/2 × 1/2 × 1/2, ಅಂದರೆ 1/8. ಆದರೆ ಈಗಾಗಲೇ ಎರಡು ಸಲ ಹೆಡ್ ಬಿದ್ದಿದೆ ಎನ್ನಿ. ಮೂರನೆಯ ಸಲ? ಬರೀ 1/2. ಹಿಂದೆ ಬಿದ್ದದ್ದು ನಾಣ್ಯಕ್ಕೆ ನೆನಪಿರುವುದಿಲ್ಲ.

ಹತ್ತನೇ ತರಗತಿಯ ಮಕ್ಕಳಿಂದ ಇದನ್ನು ನಾನು ಹಂತ ಹಂತವಾಗಿ ಬರೆಸುತ್ತೇನೆ. ಹಾಗೆ ಬರೆದಾಗ ಲೆಕ್ಕ ಎಲ್ಲಿ ಮುಗಿದು ಆಸೆ ಎಲ್ಲಿ ಶುರುವಾಯಿತೆಂದು ಕಣ್ಣಿಗೆ ಕಾಣುತ್ತದೆ.

"ಎರಡೂ ಹೆಣ್ಣೇ ಆಯಿತು, ಈ ಸಲ ಗಂಡೇ" ಎನ್ನುತ್ತೇವೆ. ಮೂರನೆಯ ಸಲವೂ ಅದು ಸುಮಾರು ಅರ್ಧಕ್ಕರ್ಧವೇ. ಹೆಣ್ಣು ಹುಟ್ಟಿದಾಗ ಮನೆಯವರ ಮುಖ ಬಾಡುತ್ತದೆ. ನಾವು ಹಾಕಿದ ಲೆಕ್ಕ ತಪ್ಪಿದ್ದಕ್ಕೆ ಆ ಕೂಸು ಯಾಕೆ ಹೊಣೆಯಾಗಬೇಕು?

ಇಂದು ಏನನ್ನಾದರೂ "ಆಗೇ ಆಗುತ್ತದೆ" ಎನ್ನುವ ಮೊದಲು, ಒಂದೊಂದೇ ಹಂತ ಬರೆದು ನೋಡೋಣ.