ರಕ್ಷಣೆಗಾಗಿ ವಧೆ

ಆರ್ತರನ್ನು ಕಾಪಾಡುವುದು ಧರ್ಮವೆಂಬುದರಲ್ಲಿಯೂ, ನಿರಪರಾಧಿಯನ್ನು ಕೊಲ್ಲುವುದು ಅಧರ್ಮವೆಂಬುದರಲ್ಲಿಯೂ ಲೋಕದಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಒಂದು ಆರ್ತಜೀವಿಯನ್ನು ಕಾಪಾಡುವುದಕ್ಕಾಗಿ ಮತ್ತೊಂದು ನಿರಪರಾಧಿ ಜೀವಿಯನ್ನು ಕೊಲ್ಲಬೇಕಾಗಿ ಬಂದಲ್ಲಿ ಈ ಎರಡು ವಿಧಿಗಳಲ್ಲಿ ಯಾವುದು ಬಲವತ್ತರವೆಂಬುದು ಕಠಿನವಾದ ಪ್ರಶ್ನೆ. ಆಸ್ಟ್ರೇಲಿಯಾ ದೇಶದಲ್ಲಿ ಈ ಪ್ರಶ್ನೆಯು ಪಂಡಿತರ ವಾದಸಭೆಯನ್ನು ಬಿಟ್ಟು ರಾಜ್ಯಕಾರ್ಯದೊಳಕ್ಕೇ ಬಂದುಬಿಟ್ಟಿದೆ.

ಆ ಭೂಖಂಡವು ಕೋಟ್ಯಂತರ ವರ್ಷಗಳಿಂದ ಸಮುದ್ರವೇಷ್ಟಿತವಾಗಿ ಏಕಾಂತದಲ್ಲಿದ್ದಿತು. ಮರಿಯನ್ನು ಹೊಟ್ಟೆಯ ಚೀಲದಲ್ಲಿಟ್ಟು ಬೆಳೆಸುವ ಮೃಗಗಳು ಅಲ್ಲಿ ನಾನಾ ರೂಪಗಳನ್ನು ತಾಳಿ ವಿಸ್ತರಿಸಿದುವು. ಬೆಕ್ಕನ್ನಾಗಲಿ ನರಿಯನ್ನಾಗಲಿ ಅವು ಕಂಡರಿಯವು. ಆದುದರಿಂದ ಅವುಗಳಿಗೆ ಹೆದರುವುದನ್ನೂ ಕಲಿತಿರಲಿಲ್ಲ. 1788ರಲ್ಲಿ ಆಂಗ್ಲರ ಹಡಗುಗಳೊಡನೆ ಬೆಕ್ಕು ಬಂದಿತು. 1859ರಲ್ಲಿ ಟಾಮಸ್ ಆಸ್ಟಿನ್ ಎಂಬ ಭೂಮಾಲಿಕನು ಬೇಟೆಯ ವಿನೋದಕ್ಕಾಗಿ ವಿಕ್ಟೋರಿಯಾ ಪ್ರಾಂತದ ತನ್ನ ಹೊಲದಲ್ಲಿ ಮೊಲಗಳನ್ನು ಬಿಟ್ಟನು. ಅದೇ ಶತಮಾನದಲ್ಲಿ ಅದೇ ವಿನೋದಕ್ಕಾಗಿ ಕೆಂಪು ನರಿಯನ್ನೂ ತಂದುಬಿಟ್ಟರು. ಮೊಲವು ಮೇವನ್ನು ತಿಂದು ನೆಲವನ್ನು ಬರಿದುಮಾಡಿತು. ಬೆಕ್ಕು ನರಿಗಳು ಸಣ್ಣ ಮೃಗಗಳನ್ನು ತಿಂದುವು. 1788ರಿಂದೀಚೆಗೆ ಆ ದೇಶದಲ್ಲಿ 30ಕ್ಕೂ ಹೆಚ್ಚು ಸಸ್ತನಿಜಾತಿಗಳು ನಿಶ್ಶೇಷವಾಗಿವೆ.

ಉಳಿದವುಗಳಲ್ಲಿ ಬಿಲ್ಬಿ ಎಂಬುದೊಂದು. ಮೊಲದಂತೆ ಉದ್ದವಾದ ಕಿವಿಗಳುಳ್ಳ ಈ ನಿಶಾಚರ ಪ್ರಾಣಿಯು ಒಂದು ಕಾಲದಲ್ಲಿ ಭೂಖಂಡದ ಬಹುಭಾಗವನ್ನು ವ್ಯಾಪಿಸಿದ್ದಿತು. ಈಗ ಮರುಭೂಮಿಯ ಕೆಲವು ಪ್ರದೇಶಗಳಲ್ಲಿಯೂ ಬೇಲಿಯೊಳಗಣ ಆಶ್ರಯಗಳಲ್ಲಿಯೂ ಮಾತ್ರ ಬದುಕಿದೆ. ಅದು ತೋಡುವ ಗುಳಿಗಳಲ್ಲಿ ಮಳೆಯ ನೀರೂ ಬೀಜವೂ ತರಗೆಲೆಯೂ ಸೇರಿ ಗಿಡಗಳು ಮೊಳೆಯುತ್ತವೆ. ಅದರ ಸಮೀಪಬಂಧುವಾಗಿದ್ದ ಸಣ್ಣ ಬಿಲ್ಬಿಯು ಕಳೆದ ಶತಮಾನದಲ್ಲಿಯೇ ಅಳಿದುಹೋಯಿತು. ಇಂತಹ ಜೀವಿಗಳನ್ನು ಉಳಿಸುವುದಕ್ಕಾಗಿ 2015ರಲ್ಲಿ ಆ ದೇಶದ ಸರಕಾರವು, 2020ರೊಳಗಾಗಿ 20 ಲಕ್ಷ ಕಾಡುಬಿದ್ದ ಬೆಕ್ಕುಗಳನ್ನು ಕೊಲ್ಲಿಸುವುದಾಗಿ ಸಾರಿತು.

ಇಲ್ಲಿ ಪೂರ್ವಪಕ್ಷವೇನೆಂದರೆ: ಬೆಕ್ಕು ಮಾಡಿದ ಅಪರಾಧವೇನು? ಹಸಿದಾಗ ತಿನ್ನುವುದು ಅದರ ಸ್ವಭಾವ. ತಾನಾಗಿ ಅದು ಸಮುದ್ರವನ್ನು ದಾಟಿ ಬರಲಿಲ್ಲ. ಜಾತಿಯೆಂಬುದು ಒಂದು ಹೆಸರು ಮಾತ್ರ. ಅದಕ್ಕೆ ನೋವಿಲ್ಲ, ಭಯವಿಲ್ಲ. ವಿಷವನ್ನು ತಿಂದು ಒದ್ದಾಡುವುದು ಒಂದೊಂದು ಬೆಕ್ಕು. ಹೆಸರನ್ನು ಉಳಿಸುವುದಕ್ಕಾಗಿ ಪ್ರಾಣವನ್ನು ತೆಗೆಯುವುದು ಹೇಗೆ ಧರ್ಮವಾದೀತು?

ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕಲಾಗದು. ಆದರೂ ಇದಕ್ಕೆ ಎರಡು ಸಮಾಧಾನಗಳುಂಟು. ಬೆಕ್ಕಿನ ಬಾಯಲ್ಲಿ ಸಿಕ್ಕಿದ ಬಿಲ್ಬಿಗೂ ನೋವುಂಟು, ಭಯವುಂಟು; ಅದೂ ಒಂದು ಹೆಸರಲ್ಲ. ಇದು ಮೊದಲನೆಯದು. ಎರಡನೆಯದಾಗಿ, ಮನುಷ್ಯನು ಇಲ್ಲಿ ಕೈಕಟ್ಟಿ ಕುಳಿತಮಾತ್ರಕ್ಕೆ ಅಹಿಂಸಕನಾಗುವುದಿಲ್ಲ. ಪರರ ಮನೆಯ ಬಣವೆಗೆ ಕೊಳ್ಳಿಯಿಟ್ಟವನು, ಅನಂತರ ನೀರೆರೆಯದೆ ನಿಂತು, ಸುಡುತ್ತಿರುವುದು ಬೆಂಕಿಯೇ ಹೊರತು ತಾನಲ್ಲವೆಂದರೆ ಯಾರು ಒಪ್ಪುವರು? ಹಿಂದೆ ಮಾಡಿದ ಕರ್ಮವು ಇಂದಿಗೂ ಕೊಲ್ಲುತ್ತಿರುವಾಗ ಉದಾಸೀನತೆಯು ಆ ಕೊಲೆಯ ಮುಂದುವರಿಕೆಯೇ ಸರಿ. ಬೆಕ್ಕು ಕೆಲವು ಸತ್ತರೂ ಅದರ ಸಂತತಿಯು ಲೋಕದಲ್ಲೆಲ್ಲ ಉಳಿದಿರುವುದು. ಬಿಲ್ಬಿಯು ಅಳಿದರೆ ಅದನ್ನು ಮರಳಿ ತರಲು ಯಾರಿಗೂ ಶಕ್ಯವಿಲ್ಲ.

ಆದಕಾರಣ ವಧೆಯು ಕೆಲವೆಡೆ ಅನಿವಾರ್ಯವೆಂದು ಒಪ್ಪಬೇಕಾಗಿದೆ. ಫಲವೂ ಕಂಡಿದೆ. ಪಶ್ಚಿಮ ತೀರದ ಡರ್ಕ್ ಹಾರ್ಟಾಗ್ ದ್ವೀಪವು 2018ರಲ್ಲಿ ಬೆಕ್ಕುಗಳಿಂದ ಮುಕ್ತವಾಯಿತೆಂದು ನಿರ್ಣಯವಾಯಿತು; ಅಳಿವಿನಂಚಿನ ಸಣ್ಣ ವಾಲಬಿಗಳನ್ನೂ ಅಲ್ಲಿಗೆ ಮರಳಿ ಒಯ್ದು ಬಿಟ್ಟರು.

ಆದರೆ ಅನಿವಾರ್ಯವಾದುದೆಲ್ಲ ಪುಣ್ಯವಲ್ಲ. ಕೊಲ್ಲುವವನ ನಿಶ್ಚಯವು ಎಷ್ಟು ಅಪಾಯಕರವೆಂಬುದಕ್ಕೆ ಆ ದೇಶದ ಚರಿತ್ರೆಯೇ ಸಾಕ್ಷಿ. ಟಾಸ್ಮೇನಿಯಾದಲ್ಲಿ ಥೈಲಸೀನ್ ಎಂಬ ಪಟ್ಟೆಗಳುಳ್ಳ ಮೃಗವಿದ್ದಿತು. ಕುರಿಗಳನ್ನು ರಕ್ಷಿಸಬೇಕೆಂದು 1888ರಿಂದ 1909ರವರೆಗೆ ಅಲ್ಲಿಯ ಸರಕಾರವು ಅದರ ತಲೆಗೆ ಬೆಲೆ ಕಟ್ಟಿ, 2,184 ಸಲ ಬಹುಮಾನವನ್ನು ತೆತ್ತಿತು. ಅಂದಿನವರೂ ರಕ್ಷಣೆಯ ಹೆಸರಿನಲ್ಲಿಯೇ ಕೊಂದರಲ್ಲವೆ? 1936ರ ಜುಲೈನಲ್ಲಿ ಆ ಮೃಗಕ್ಕೆ ಕಾನೂನಿನ ರಕ್ಷಣೆ ದೊರೆಯಿತು. ಸೆಪ್ಟೆಂಬರ್ 7ರಂದು ಹೋಬಾರ್ಟಿನ ಮೃಗಶಾಲೆಯಲ್ಲಿ, ತಿಳಿದಮಟ್ಟಿಗೆ ಕೊನೆಯದಾದ ಥೈಲಸೀನ್ ಸತ್ತಿತು. ಮತ್ತೆ, ಮಕ್ವಾರಿ ದ್ವೀಪದಲ್ಲಿ 2000ದ ಹೊತ್ತಿಗೆ ಬೆಕ್ಕುಗಳನ್ನು ನಿರ್ಮೂಲಮಾಡಲಾಗಿ, ಇತರ ಕಾರಣಗಳೂ ಸೇರಿ ಮೊಲಗಳು ಮಿತಿಮೀರಿ ಬೆಟ್ಟದ ಪಾರ್ಶ್ವಗಳ ಹಸುರನ್ನೆಲ್ಲ ಬೋಳಿಸಿದುವು. ಅವುಗಳನ್ನೂ ಇಲಿಹೆಗ್ಗಣಗಳನ್ನೂ ತೊಲಗಿಸಿ ದ್ವೀಪವು ಶುದ್ಧವಾಯಿತೆಂದು ಸಾರುವಷ್ಟರಲ್ಲಿ 2014 ಬಂದಿತು. ಒಂದು ವಧೆಯು ಮತ್ತೊಂದು ವಧೆಯನ್ನು ಕರೆದುತಂದಿತು.

ಮಹಾಭಾರತದ ಶಿಬಿಚಕ್ರವರ್ತಿಯ ಕಥೆಯನ್ನು ಇಲ್ಲಿ ಸ್ಮರಿಸುವುದು ಉಚಿತ. ಶರಣಾಗತವಾದ ಪಾರಿವಾಳವನ್ನು ಅವನು ಬಿಟ್ಟುಕೊಡಲಿಲ್ಲ. ಆಹಾರವನ್ನು ಕಸಿದರೆ ತನ್ನ ಪ್ರಾಣಹರಣವಾಗುವುದೆಂಬ ಗಿಡುಗನ ವಾದವನ್ನೂ ಅವನು ಸುಳ್ಳೆನ್ನಲಿಲ್ಲ. ಎರಡೂ ಸತ್ಯವೆಂದರಿತು, ತಕ್ಕಡಿಯಲ್ಲಿ ತನ್ನ ಮಾಂಸವನ್ನೇ ಕೊಯ್ದಿಟ್ಟನು. ರಕ್ಷಣೆಗೆ ಬೆಲೆಯುಂಟು, ಆ ಬೆಲೆಯನ್ನು ರಕ್ಷಿಸುವವನು ತನ್ನಿಂದಲೇ ತೆರಬೇಕು ಎಂಬುದು ಆ ಕಥೆಯ ಹೃದಯ. ಆಸ್ಟ್ರೇಲಿಯಾದ ತಕ್ಕಡಿಯಲ್ಲಿ ಇಂದು ಇಟ್ಟಿರುವುದು ಬಹುಮಟ್ಟಿಗೆ ಬೆಕ್ಕಿನ ಮಾಂಸ. ಸಾಲಮಾಡಿದವನು ಮನುಷ್ಯ, ತೀರಿಸುತ್ತಿರುವುದು ಮೂಕಪ್ರಾಣಿ.

ಮನುಷ್ಯನು ತೆರಬೇಕಾದ ಪಾಲು ಯಾವುದೆಂಬುದನ್ನು ಮತ್ತೊಂದು ಸಣ್ಣ ಪ್ರಾಣಿಯ ಮರಣವು ತೋರಿಸುತ್ತದೆ. ಟಾರೆಸ್ ಜಲಸಂಧಿಯ ಬ್ರ್ಯಾಂಬಲ್ ಕೇ ಎಂಬ ಅತ್ಯಲ್ಪವಾದ ಹವಳದ ದಿಬ್ಬದಲ್ಲಿ ಮೆಲೊಮಿಸ್ ಎಂಬ ಇಲಿಯ ಜಾತಿಯೊಂದಿದ್ದಿತು. ಏರಿಬಂದ ಸಮುದ್ರದ ನೀರು ಆ ದಿಬ್ಬದ ಹುಲ್ಲುಗಿಡಗಳನ್ನು ನಾಶಮಾಡಿತು. 2009ರ ನಂತರ ಆ ಇಲಿಯನ್ನು ಯಾರೂ ಕಾಣಲಿಲ್ಲ. 2019ರಲ್ಲಿ ಸರಕಾರವು ಅದು ನಿಶ್ಶೇಷವಾಯಿತೆಂದು ಪ್ರಕಟಿಸಿತು. ಅಲ್ಲಿ ದೋಷವನ್ನು ಹೊರಿಸಲು ಬೆಕ್ಕಿಲ್ಲ, ನರಿಯಿಲ್ಲ. ವಾಯುವನ್ನು ಕಾಯಿಸಿ ಕಡಲನ್ನು ಉಬ್ಬಿಸಿದ್ದು ಮನುಷ್ಯನ ಹೊಗೆ. ಮರಗಳನ್ನು ಕಡಿದು ಹುಲ್ಲುಗಾವಲು ಮಾಡಿದ ಪೂರ್ವಪ್ರಾಂತಗಳಲ್ಲಿ ಕೊವಾಲವೂ 2022ರಲ್ಲಿ ವಿನಾಶಭಯಕ್ಕೊಳಗಾದ ಜೀವಿಗಳ ಪಟ್ಟಿಯಲ್ಲಿ ಇನ್ನೂ ಮೇಲಕ್ಕೆ ಏರಿತು. ಬೆಕ್ಕನ್ನು ಕೊಲ್ಲುವುದು ಸುಲಭ. ಕೊಡಲಿಯನ್ನು ಕೆಳಗಿಡುವುದು, ಹೊಗೆಯನ್ನು ಕಡಿಮೆಮಾಡುವುದು, ಸಾಕಿದ ಬೆಕ್ಕನ್ನು ಮನೆಯೊಳಗೆ ಕಟ್ಟಿಡುವುದು ತನ್ನ ಮಾಂಸವನ್ನು ಕೊಯ್ದಂತೆ ಕಷ್ಟ.

ಆದುದರಿಂದ ವಿವೇಕಿಗಳು ಒಪ್ಪತಕ್ಕ ನಿರ್ಣಯವು ಇಷ್ಟು. ಬೇಲಿಯಿಂದಾಗಲಿ ಇತರ ಉಪಾಯಗಳಿಂದಾಗಲಿ ರಕ್ಷಣೆ ಸಾಧ್ಯವಿರುವಲ್ಲಿ ವಧೆಯು ಸಲ್ಲದು. ಸಾಧ್ಯವಿಲ್ಲದಲ್ಲಿ, ಅತ್ಯಲ್ಪವಾದ ನೋವಿನಿಂದ, ಪರಿಣಾಮವನ್ನು ಚೆನ್ನಾಗಿ ಆಲೋಚಿಸಿ ಮಾಡಬಹುದು; ಆದರೆ ಅದನ್ನು ವಿಜಯವೆಂದು ಕೊಂಡಾಡಲಾಗದು. ಅದು ಪೂರ್ವಿಕರ ವಿನೋದಕ್ಕಾಗಿ ಇಂದಿನವರು ಮಾಡಿಕೊಳ್ಳುವ ಪ್ರಾಯಶ್ಚಿತ್ತ. ಪ್ರಾಯಶ್ಚಿತ್ತದ ಭಾರವನ್ನೆಲ್ಲ ಅನ್ಯರ ಮೇಲೆ ಹೊರಿಸಿ ತಾನು ಸುಖವಾಗಿರುವವನಿಗೆ ಪಾಪವು ತೊಲಗುವುದಿಲ್ಲ. ಶಿಬಿಯ ತಕ್ಕಡಿಯು ಅವನಿಗಾಗಿ ಇನ್ನೂ ಕಾದಿದೆ.